ಆಯ್ತು ಅಂದ ಮೇಲೆ

ಕಾಗದ ಅಂಗಿಯ ಜೇಬಿನಲ್ಲಿತ್ತು, ಲಕೋಟೆ ಹೆಗಲ ಚೀಲದಲ್ಲಿತ್ತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ತೆಗೆಯುವುದು ಎಂಬುದೇ ಬೆಳಗಿನಿಂದ ಅವನ ತಲೆ ತಿನ್ನುತ್ತಿತ್ತು. ಹೆಂಡತಿಯ ಮಟ್ಟಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. "ಮೊದಲು ತಪ್ಪಾಯ್ತು ಅನ್ನಿ, ಆಮೇಲೆ ಕಾಗದ ತೆಗೀರಿ. ಇಷ್ಟಕ್ಕೆ ಎರಡು ಲೋಟ ಕಾಫಿ ಆರಿಸ್ಕೊಂಡು ಕೂತಿದ್ದೀರಲ್ಲ" ಎಂದಿದ್ದಳು, ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಚಿಕ್ಕ ಚಿಕ್ಕ ಫೋಟೋಗಳ ಬಿಳಿ ಅಂಚು ಕತ್ತರಿಸುತ್ತ. ಕತ್ತರಿಸುವಾಗ ಅವಳು ಯಾವತ್ತೂ ತಲೆ ಎತ್ತುವವಳಲ್ಲ. ಎತ್ತಿದರೆ ಯಾರದೋ ಕಿವಿ ಹೋಗುತ್ತದೆ. ಆದರೆ ಇವತ್ತು ಎತ್ತದೆ ಇದ್ದದ್ದು ಕಿವಿಯ ಕಾರಣಕ್ಕಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನದ ಹಿಂದೆ ಅವನು ಆಡಿದ ಮಾತು, ಫೋಟೋ ತೊಳೆಯುವ ಮದ್ದಿನ ಹುಳಿ ವಾಸನೆಯ ಜೊತೆಗೆ, ಇನ್ನೂ ಆ ಕೋಣೆಯಲ್ಲೇ ಉಳಿದುಕೊಂಡಿತ್ತು.

ಈಗ ಬಟ್ಟೆ ಮಿಲ್ಲಿನ ಉದ್ದನೆಯ ಗೋಡೆಯ ಪಕ್ಕ ನಡೆಯುತ್ತಿದ್ದ. ಮಿಲ್ಲು ಮುಚ್ಚಿ ಒಂಬತ್ತು ತಿಂಗಳು. ಗೇಟಿನ ಬೀಗಕ್ಕೆ ಬಟ್ಟೆ ಸುತ್ತಿ ಅರಗು ಒತ್ತಿದ್ದರು. ಆ ಬಟ್ಟೆಯೂ ಇದೇ ಮಿಲ್ಲಿನದಿರಬೇಕು. ಸೈಕಲ್ ನಿಲ್ಲಿಸುವ ಉದ್ದನೆಯ ಕಬ್ಬಿಣದ ಕಂಬಿಗಳಲ್ಲಿ ಒಂದೂ ಸೈಕಲ್ ಇಲ್ಲ. ಎದುರು ಸಾಲಿನ ಅಂಗಡಿಗಳಲ್ಲಿ ಅರ್ಧ ಬಾಗಿಲು ಎಳೆದಿತ್ತು, ಪೂರ್ತಿ ತೆರೆದವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದರು. ಜನ ಇದ್ದದ್ದು ಅರ್ಜಿ ಫಾರಂ ಮಾರುವ ಅಂಗಡಿಯ ಮುಂದೆ ಮಾತ್ರ. ಊರಿನವರ ಕೆಲಸ ಹೋದ ವರ್ಷವೇ ಅವನ ಕೈತುಂಬ ಕೆಲಸ ಬಂದಿತ್ತು. ಮದುವೆಗೆ ಫೋಟೋದವನನ್ನು ಕರೆಯುವವರು ಇಲ್ಲವಾದರು ನಿಜ, ಆದರೆ ಅರ್ಜಿಗೆ ಫೋಟೋ ಬೇಕಲ್ಲ. ಆ ಅಂಗಡಿಯಲ್ಲಿ ಫಾರಂ ಕೊಂಡವರು ನೇರ ಅವನಲ್ಲಿಗೆ ಬರುತ್ತಿದ್ದರು, ತಲೆಗೆ ನೀರು ಚಿಮುಕಿಸಿಕೊಂಡು. ಯಾರಾದರೂ "ಹೇಗಿದೆ ಸಾರ್ ವ್ಯಾಪಾರ?" ಎಂದು ಕೇಳಿದರೆ "ಏನೋ, ನಡೀತಿದೆ" ಎಂದು ಮುಖ ಸಣ್ಣದು ಮಾಡಿಕೊಳ್ಳುವುದನ್ನು ಅವನು ಕಲಿತುಬಿಟ್ಟಿದ್ದ. ಹೊಟ್ಟೆ ತುಂಬಿದವನು ಹಸಿದವರ ಸಾಲಿನಲ್ಲಿ ನಿಂತು ಹೊಟ್ಟೆ ಸವರಿಕೊಂಡ ಹಾಗೆ, ಥೂ.

ಆದರೆ ತಲೆ ತಿನ್ನುತ್ತಿದ್ದದ್ದು ಆ ಪಾಪವಲ್ಲ. ಹೊಟ್ಟೆಪಾಡಿಗೆ ಯಾರೇನು ಅಂದಾರು? ಪಾಪ ಎರಡನೆಯ ಕ್ಲಿಕ್ಕಿನಲ್ಲಿತ್ತು. ಮೊದಲ ಸಲ ಅದು ಬೆರಳು ಜಾರಿ ಆದದ್ದು, ಆಣೆ ಮಾಡಿ ಹೇಳಬಲ್ಲ. ಟೈಪಿಸ್ಟ್ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತುಟಿಯಲ್ಲಿ ಅರ್ಧ ನಗು, ಕಣ್ಣಲ್ಲಿ 'ನನ್ನಿಂದಾಗುತ್ತೆ ಸಾರ್' ಎನ್ನುವ ಧೈರ್ಯ. ಅವನು ಕ್ಲಿಕ್ಕಿಸಿ "ಆಯ್ತಮ್ಮಾ" ಎಂದ. ಎಂದದ್ದೇ ತಡ, ಆ ಮುಖ ಇಳಿಯಿತು. ಅಳುವಲ್ಲ, ಬೇಸರವೂ ಅಲ್ಲ; ಹೊತ್ತ ಕೊಡ ಇಳಿಸಿದವರ ಭುಜದ ಹಾಗೆ ಮುಖದಲ್ಲಿದ್ದದ್ದೆಲ್ಲ ಸಡಿಲವಾಗಿ, ಒಳಗಿನ ದಣಿವು ಮೇಲಕ್ಕೆ ಬಂತು. ಆಗ ಬೆರಳು ಜಾರಿತು. ತೊಳೆದು ನೋಡಿದಾಗ ಅವನ ಮೈ ಜುಮ್ಮೆಂದಿತ್ತು. ಇಪ್ಪತ್ತೆರಡು ವರ್ಷ ಕ್ಯಾಮರಾ ಹಿಡಿದು, ರಜೆಯ ದಿನಗಳಲ್ಲಿ ಬೀದಿ ಬೀದಿ ಅಲೆದು, ಕೂಲಿಗಳನ್ನೂ ಮಳೆಯನ್ನೂ ಮುದುಕಿಯರನ್ನೂ ತೆಗೆದು ತೆಗೆದು ಟ್ರಂಕು ತುಂಬಿಸಿದವನಿಗೆ, ಇದೇ ನಿಜ, ಈ ಕಾಲ ನಿಜವಾಗಿ ಹೇಗಿದೆಯೆಂದು ತೋರಿಸುವುದು ಇದೊಂದೇ ಅನ್ನಿಸಿತ್ತು. ಅಲ್ಲಿಂದ ಮುಂದೆ ಬೆರಳು ಜಾರಲಿಲ್ಲ, ಒತ್ತಿತು. ಯಾರು ಬಂದರೂ ಒಂದು ಚಿತ್ರ ಅವರಿಗೆ. "ಆಯ್ತು" ಎಂದು ನಂಬಿಸಿ ಇನ್ನೊಂದು ತನಗೆ. ಒಂದು ಫಿಲ್ಮಿನ ಅಷ್ಟೂ ಚಿತ್ರಗಳನ್ನು ಬೆರಳಗಲದಲ್ಲಿ ಒಂದೇ ಹಾಳೆಯ ಮೇಲೆ ಅಚ್ಚು ಹಾಕಿಕೊಂಡು, ಗಿರಾಕಿಯದಕ್ಕೆ ಕೆಂಪು ಪೆನ್ಸಿಲಿನ ಸುತ್ತು, ತನ್ನದಕ್ಕೆ ನೀಲಿ ಸುತ್ತು. ಕೆಂಪು ಸುತ್ತಿನದನ್ನು ನೋಡಿ ಹೆಂಡತಿ ಒಂಬತ್ತು ಪ್ರಿಂಟು ಹಾಕುವಳು. ಎಂಟು ಗಿರಾಕಿಗೆ, ಒಂದು ಗುರುತಿಗೆ ರಟ್ಟಿನ ಡಬ್ಬಿಗೆ. ವ್ಯವಸ್ಥೆಯೇನೋ ಅಚ್ಚುಕಟ್ಟಾಗಿಯೇ ಇತ್ತು.

ಆ ಚಿತ್ರಗಳನ್ನು ಗ್ಯಾಲರಿಯ ಮೇಡಂ ಮುಂದೆ ಹರಡಿದ ದಿನ ಆಕೆ ಒಂದೊಂದನ್ನೂ ಎರಡೆರಡು ಸಲ ತಿರುವಿ ನೋಡಿದ್ದರು. ಆಮೇಲೆ ಹನ್ನೆರಡು ಆರಿಸಿ, ಅದರಲ್ಲೊಂದನ್ನು ಎತ್ತಿ ಗೋಡೆಗೊರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಇದು ನೋಡಿ, ಈ ಕಾಲದ ಮುಖ" ಎಂದಿದ್ದರು. ಮಿಲ್ಲಿನ ಬಣ್ಣದ ಮೇಸ್ತ್ರಿಯ ಮುಖ. ಬಾಗಿಲೆದುರಿನ ಗೋಡೆಗೆ ಅದೇ, ಆಮಂತ್ರಣದ ಕಾರ್ಡಿಗೂ ಅದೇ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಪ್ರದರ್ಶನ. ಅವನು ಮನೆಗೆ ಬಂದು ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದ. "ಸೊಂಟ, ಸೊಂಟ, ನಿಮ್ಮದು" ಎಂದು ಅವಳು ಕಿರುಚಿದ್ದಳು. ಒಂದೇ ಷರತ್ತು, ಚಿತ್ರದಲ್ಲಿರುವ ಪ್ರತಿಯೊಬ್ಬರಿಂದಲೂ ಒಪ್ಪಿಗೆಯ ಕಾಗದಕ್ಕೆ ಸಹಿ ತರಬೇಕು. ಹನ್ನೊಂದು ಜನ ಕೊಟ್ಟಿದ್ದರು. ಯಾವ ಫೋಟೋ ಎಂದು ಕೇಳಿದವರು ಇಬ್ಬರೇ. ಉಳಿದದ್ದು ಮೇಸ್ತ್ರಿಯದು, ಇವತ್ತು ಸಂಜೆ ಕಾರ್ಡು ಅಚ್ಚಿಗೆ ಹೋಗಬೇಕು.

ಮೂರು ದಿನದ ಹಿಂದೆ ವಿಳಾಸ ಹುಡುಕಲೆಂದು ರಟ್ಟಿನ ಡಬ್ಬಿ ತೆಗೆದ. ಗುರುತಿನ ಫೋಟೋದ ಬೆನ್ನ ಮೇಲೆ ಹೆಸರು, ಬೀದಿ ಬರೆದಿರುತ್ತದೆ. ಮೇಸ್ತ್ರಿಯದನ್ನು ಹುಡುಕಿ, ವಿಳಾಸ ಬರೆದುಕೊಂಡು, ಸುಮ್ಮನೆ ತಿರುಗಿಸಿ ನೋಡಿದ. ಹೆಬ್ಬೆಟ್ಟಿನಷ್ಟಗಲದ ಆ ಫೋಟೋದಲ್ಲಿದ್ದದ್ದು ಗೋಡೆಗೊರಗಿಸಿದ್ದ ಅದೇ ಮುಖ. ಇಳಿದ ಮುಖ. ಅಂದರೆ ಮೇಸ್ತ್ರಿಗೆ ಕೊಟ್ಟ ಎಂಟೂ ಅವೇ. ಅಂದರೆ ಐದು ತಿಂಗಳಿಂದ ಆ ಮನುಷ್ಯ ಈ ಮುಖವನ್ನು ಅರ್ಜಿಗೆ ಅಂಟಿಸಿ ಕೆಲಸ ಕೇಳುತ್ತಿದ್ದಾರೆ. ಅವನ ಬಾಯಿಂದ ಬಂದ ಮೊದಲ ಮಾತು, "ಕಣ್ಣೇನು ಕತ್ತರಿ ಜೊತೆ ಡಬ್ಬಿಲಿ ಇಟ್ಟಿದ್ಯಾ? ಇದನ್ನ ಕೊಡ್ತಾರಾ ಯಾರಾದ್ರೂ?" ಹೆಂಡತಿ ಎದ್ದು ಹೋಗಿ ಆ ದಿನದ ಅಚ್ಚಿನ ಹಾಳೆ ತಂದು ಅವನ ಮುಂದಿಟ್ಟಳು. ಇಳಿದ ಮುಖದ ಸುತ್ತ ನೀಲಿ ಸುತ್ತು. ನೀಲಿಯ ಕೆಳಗೆ, ಅದಕ್ಕೂ ಮೊದಲು ಹಾಕಿದ ಕೆಂಪು ಸುತ್ತು. ಆ ಚಿತ್ರ ಕಂಡ ಖುಷಿಗೆ ಕೈಯಲ್ಲಿ ಯಾವ ಪೆನ್ಸಿಲಿದೆ ಎಂದೂ ನೋಡದೆ ಸುತ್ತು ಹಾಕಿದ್ದ, ಆಮೇಲೆ ನೆನಪಾಗಿ ಅದರ ಮೇಲೇ ನೀಲಿ ಎಳೆದಿದ್ದ. ಪಕ್ಕದ ಚಿತ್ರ, ಮೇಸ್ತ್ರಿ ಎದೆಯುಬ್ಬಿಸಿ ಕೂತದ್ದು, ಯಾವ ಸುತ್ತೂ ಇಲ್ಲದೆ ಅನಾಥವಾಗಿತ್ತು. "ಇದೇನಾ ಅಂತ ಕೇಳ್ದೆ ಆವತ್ತು. ನೀವು ಹಿಂತಿರುಗಿ ನೋಡ್ದೆ ಹೂಂ ಅಂದ್ರಿ" ಎಂದಳು. ಅಷ್ಟೇ ಅಂದದ್ದು. ಅವಳು ಜಗಳವಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮಿಲ್ಲಿನ ಗೋಡೆ ಮುಗಿದು ಕೆಲಸಗಾರರ ವಸತಿಯ ಬೀದಿ ಬಂತು. ಮಾತು ಜೋಡಿಸಿಕೊಳ್ಳುತ್ತ ನಡೆದ. 'ಮೇಸ್ತ್ರಿ, ಒಂದು ತಪ್ಪಾಗಿಹೋಗಿದೆ.' ಆಗಿಹೋಗಿದೆ ಎನ್ನುವುದು ತಾನಾಗಿ ಆದ ಹಾಗೆ ಕೇಳಿಸಿತು. 'ಮೇಸ್ತ್ರಿ, ನಾನೊಂದು ತಪ್ಪು ಮಾಡಿದ್ದೀನಿ.' ಅವರು ಸಿಟ್ಟಾಗಬಹುದು, ಬೈಯಬಹುದು, ಎಷ್ಟು ಕಡೆ ಅರ್ಜಿ ಹಾಕಿದೆ ಗೊತ್ತೇನಯ್ಯಾ ಎಂದು ಕುತ್ತಿಗೆಪಟ್ಟಿ ಹಿಡಿಯಬಹುದು. ಹಿಡಿಯಲಿ. ಹಿಡಿದ ಮೇಲೆ ಸಹಿ ಹಾಕುತ್ತಾರೆಯೇ? ಹಾಕುವುದಿಲ್ಲ. ಹಾಗಾದರೆ ಮೊದಲು ಸಹಿ, ಆಮೇಲೆ ತಪ್ಪೊಪ್ಪಿಗೆ. ಛೆ, ಅದು ಜೇಬುಗಳ್ಳನ ಲೆಕ್ಕ. ಇಲ್ಲ, ಮೊದಲು ತಪ್ಪೊಪ್ಪಿಗೆ. ಆ ಕ್ಷಣಕ್ಕೆ ಗ್ಯಾಲರಿಯ ಬಿಳಿ ಗೋಡೆ ಖಾಲಿಯಾಗಿ ಕಂಡಿತು. ಇಂಥ ಹೊತ್ತಿನಲ್ಲೂ ಗೋಡೆಯದೇ ಚಿಂತೆಯಲ್ಲ ನಿನಗೆ, ಎಂದು ತನ್ನನ್ನು ತಾನೇ ಬೈದುಕೊಂಡು, ಬೈದುಕೊಂಡದ್ದರಿಂದ ಸ್ವಲ್ಪ ಹಗುರಾಗಿ, ಹಗುರಾದದ್ದಕ್ಕೆ ಮತ್ತೆ ನಾಚಿದ.

ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವವನು ತಣ್ಣಗಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದ. ಮೇಸ್ತ್ರಿಯ ಮನೆ ಯಾವುದೆಂದು ಕೇಳಿದರೆ ಕೈಯೆತ್ತಿ ಮೇಲೆ ತೋರಿಸಿದ. "ಮೂರನೇ ಮಹಡಿ, ಕೊನೇ ಬಾಗಿಲು. ಇರ್ತಾರೆ ಹೋಗಿ. ಈಗ ಅವರು ಕೆಳಗೇ ಇಳಿಯಲ್ಲ."

"ಹುಷಾರಿಲ್ವಾ?"

"ಹುಷಾರಾಗೇ ಇದ್ದಾರೆ. ಇಳಿಯಲ್ಲ ಅಷ್ಟೆ."

ಮೆಟ್ಟಿಲು ಹತ್ತುವಾಗ ಮೇಸ್ತ್ರಿ ಸ್ಟುಡಿಯೋಗೆ ಬಂದ ಬೆಳಗು ನೆನಪಾಯಿತು. ಬಾಗಿಲಲ್ಲೇ ನಿಂತು, "ನಿಮ್ಮ ಬೋರ್ಡಿನ ಎರಡು ಅಕ್ಷರ ಬೇರೆ ಡಬ್ಬದ ಬಣ್ಣ" ಎಂದಿದ್ದರು. ಹೌದಾ ಎಂದು ಇವನು ಹೊರಗೆ ಹೋಗಿ ನೋಡಿದರೂ ಕಾಣಿಸಿರಲಿಲ್ಲ. ಮಿಲ್ಲಿನಲ್ಲಿ ಮೂವತ್ತು ವರ್ಷ ಅವರ ಕೆಲಸವೇ ಅದು: ಗಿರಾಕಿ ಕಳಿಸಿದ ತುಂಡನ್ನೂ ಬಣ್ಣಕ್ಕೆ ಅದ್ದಿ ತೆಗೆದ ಬಟ್ಟೆಯ ಥಾನಿನ ಚೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಒಂದೇನಾ ಅಲ್ಲವಾ ಎಂದು ಹೇಳುವುದು. ಅವರು ಒಂದೇ ಎಂದರೆ ಸಾವಿರ ಗಜ ಹೊರಡುತ್ತಿತ್ತು, ಅಲ್ಲ ಎಂದರೆ ಸಾವಿರ ಗಜ ಮತ್ತೆ ಬಣ್ಣದ ತೊಟ್ಟಿಗೆ. ಯಾಕೆಂದು ಮ್ಯಾನೇಜರೂ ಕೇಳುವ ಹಾಗಿರಲಿಲ್ಲವಂತೆ. ಸ್ಟುಡಿಯೋದಲ್ಲಿ ಎಲ್ಲರಿಗೂ ತೊಡಿಸುವ ಒಂದೇ ಕಪ್ಪು ಕೋಟಿತ್ತು, ಅದನ್ನು ಕಿಟಕಿಗೆ ಹಿಡಿದು, "ಇದು ಕಪ್ಪಾ? ಹುಟ್ಟಿದಾಗ ಕಪ್ಪಿತ್ತು ಪಾಪ" ಎಂದು ನಕ್ಕು, ಹಾಕಿಕೊಳ್ಳದೆ ತಮ್ಮ ಅಂಗಿಯಲ್ಲೇ ಕೂತಿದ್ದರು. ಎಂಥ ಕೂರುವಿಕೆ ಅದು! ಅವನು ಕ್ಲಿಕ್ಕಿಸಿದ, "ಆಯ್ತು ಮೇಸ್ತ್ರಿ" ಎಂದ, ಮೇಸ್ತ್ರಿ ನಂಬಿದರು.

ಬಾಗಿಲು ತೆರೆದದ್ದು ಮೇಸ್ತ್ರಿಯ ಹೆಂಡತಿ. ಬೆರಳಿಗೆ ಹೊಲಿಗೆಯ ಅಂಗುಸ್ತಾನ ಹಾಕಿದ್ದರು. ಒಳಗೆ ಚಾಪೆಯ ಮೇಲೆ ಅಂಗಿಗಳ ರಾಶಿ, ಬಟ್ಟಲಿನಲ್ಲಿ ಗುಂಡಿಗಳು. ಒಂದೇ ಕೋಣೆ, ಒಂದೇ ಕಿಟಕಿ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಮೇಸ್ತ್ರಿ ಕೂತು ದಾರಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಗಡ್ಡ ಬೆಳೆದಿತ್ತು. ಇವನನ್ನು ಕಂಡದ್ದೇ ಎದ್ದುನಿಂತರು. "ಓಹೋ, ಫೋಟೋ ಸಾಹೇಬ್ರು! ಬನ್ನಿ ಬನ್ನಿ. ಏನು, ಬೋರ್ಡು ಸರಿ ಮಾಡಿಸಿದ್ರಾ?" ಮತ್ತೆ ಹೆಂಡತಿಯ ಕಡೆಗೆ ತಿರುಗಿ, "ಇವರೇ ಕಣೇ ನನ್ನ ಫೋಟೋ ತೆಗೆದವರು" ಎಂದರು. ಆಕೆ ಇವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಹೌದಾ" ಎಂದಷ್ಟೇ ಹೇಳಿ ಕಾಫಿ ಇಡಲು ಹೋದರು.

ಅವನು ಕೂತ. ಚೀಲ ತೊಡೆಯ ಮೇಲಿಟ್ಟುಕೊಂಡ. ಚೀಲದ ಕೊಂಡಿ ಬಿಚ್ಚಿದ, ಮೇಸ್ತ್ರಿ ಎಂದು ಬಾಯಿ ತೆರೆದ, ಅಷ್ಟರಲ್ಲಿ ಕೈ ತಾನಾಗಿ ಜೇಬಿಗೆ ಹೋಗಿ ಕಾಗದ ತೆಗೆದಿತ್ತು. ನಾಟಕದವನ ಹಾಗೆ ಸರಾಗವಾಗಿ ಹೇಳುತ್ತಿದ್ದ: ಹೀಗೊಂದು ಪ್ರದರ್ಶನ, ಈ ಕಾಲದ ಜನರ ಫೋಟೋಗಳು, ನಿಮ್ಮದೂ ಒಂದು, ಇಲ್ಲೊಂದು ಸಹಿ.

"ನಂದಾ? ಯಾವ ಫೋಟೋ?"

"ಆವತ್ತು ಬಂದಿದ್ರಲ್ಲ, ಆಗ ತೆಗೆದದ್ದು."

"ಗೋಡೆಗೆ ಯಾವ ಬಣ್ಣ ಹೊಡೆದಿದ್ದಾರೆ ಅಲ್ಲಿ?"

"ಬಿಳಿ."

"ಬಿಳಿಯಲ್ಲಿ ನಲವತ್ತು ಥರ ಇದೆ ಸ್ವಾಮಿ" ಎಂದು ಮೇಸ್ತ್ರಿ ನಕ್ಕರು. ಕಾಗದ ಓದದೆ, ಕಿಟಕಿಯ ಕಟ್ಟೆಯ ಮೇಲಿಟ್ಟು, ಮಿಲ್ಲಿನ ಚೀಟಿಗಳಿಗೆ ಹಾಕುತ್ತಿದ್ದ ಹಾಗೆ ಗತ್ತಿನಲ್ಲಿ ಸಹಿ ಹಾಕಿದರು. ಅದನ್ನು ಮಡಚಿ ಜೇಬಿಗಿಟ್ಟುಕೊಂಡಾಗ ಅವನ ಎದೆ ತಣ್ಣಗಾಯಿತು. ಮೂರು ದಿನದಲ್ಲಿ ಮೊದಲ ಬಾರಿ ಪೂರ್ತಿ ಉಸಿರು ಎಳೆದುಕೊಂಡ. ಇನ್ನು ಎದ್ದು ಹೋಗಿಬಿಡಬಹುದು ಎನ್ನುವ ಯೋಚನೆ ಬಂತು, ಬಂದದ್ದು ಮಾತ್ರವಲ್ಲ, ಒಂದು ಗಳಿಗೆ ಕೂತು ಸುಖ ಕೊಟ್ಟಿತು. ಸ್ಟುಡಿಯೋದಲ್ಲಿ ತನ್ನ ಹೆಂಡತಿಯ ಬಗ್ಗಿದ ತಲೆ ಕಣ್ಣ ಮುಂದೆ ಬಂದದ್ದರಿಂದ ಮಾತ್ರ ಅವನು ಏಳಲಿಲ್ಲ.

"ಒಳ್ಳೇ ಕೆಲಸ ಮಾಡಿದ್ರಿ ಆವತ್ತು ನೀವು," ಮೇಸ್ತ್ರಿ ದಾರದ ಉಂಡೆ ಕೈಗೆತ್ತಿಕೊಂಡರು. "ಹೇಳ್ಬೇಕು ಅಂತಿದ್ದೆ. ಲಕೋಟೆ ಬಿಚ್ಚಿ ನೋಡಿದ್ನಾ, ಅಲ್ಲೇ ಅಂಗಡಿ ಮುಂದೆ ನಿಂತುಬಿಟ್ಟೆ. ಇವನ್ಯಾರಪ್ಪಾ ಅಂದ್ಕೊಂಡೆ. ಕನ್ನಡಿಲಿ ದಿನಾ ನೋಡ್ತೀನಿ, ಅಲ್ಲಿ ಗೊತ್ತಾಗಿರಲಿಲ್ಲ. ಕನ್ನಡಿ ಮುಂದೆ ನಾವು ಸ್ವಲ್ಪ ಸರಿಮಾಡ್ಕೊಂಡು ನಿಲ್ತೀವಲ್ಲ."

"ಮೇಸ್ತ್ರಿ, ಅದು..."

"ಎಂಟರಲ್ಲಿ ಎರಡು ಕಳಿಸಿದೆ. ಆಮೇಲೆ ಕೈ ಬರಲಿಲ್ಲ. ನೀವೇ ಹೇಳಿ, ಥಾನಿಗೆ ಬಣ್ಣ ಇಳಿದಿದೆ ಅಂತ ಕಣ್ಣಿಗೆ ಕಂಡ ಮೇಲೂ ಪಾಸ್ ಮಾಡೋಕಾಗುತ್ತಾ? ನಾನೇ ಆ ಕಡೆ ಮೇಜಲ್ಲಿ ಕೂತಿದ್ರೆ ಈ ಮುಖಕ್ಕೆ ಕೆಲಸ ಕೊಡ್ತಿರಲಿಲ್ಲ. ವಾಪಸ್ ಕಳಿಸ್ತಿದ್ದೆ." ನಗುತ್ತಲೇ ಹೇಳಿದರು. ಕಾಯಿಲೆಯೊಂದರ ಹೆಸರು ಕೊನೆಗೂ ತಿಳಿದವರ ನೆಮ್ಮದಿ ಆ ನಗುವಿನಲ್ಲಿತ್ತು.

ದಾರಿಯುದ್ದಕ್ಕೂ ಅವನು ಹೆದರಿದ್ದು ಬೇರೆಯವರ ಕಣ್ಣಿಗೆ: ಕಚೇರಿಗಳ ಮೇಜಿನ ಹಿಂದೆ ಕೂತು ಈ ಫೋಟೋ ನೋಡಿ ಪಕ್ಕಕ್ಕಿಡುವ ಗುರುತಿಲ್ಲದ ಜನರ ಕಣ್ಣಿಗೆ. ಅದನ್ನು ನೋಡಿ ನಂಬಿದ್ದು ಮೇಸ್ತ್ರಿಯೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಮೂವತ್ತು ವರ್ಷ ತನ್ನ ಕಣ್ಣನ್ನು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ.

ಮೇಸ್ತ್ರಿಯ ಹೆಂಡತಿ ಕಾಫಿ ತಂದು ಇಟ್ಟರು. ಇಟ್ಟವರು ಹೋಗಲಿಲ್ಲ. "ನಾನು ಆವತ್ತೇ ಹೇಳ್ದೆ ಅಣ್ಣಾ, ಇದು ನೀವಲ್ಲ, ಹೋಗಿ ಬೇರೆ ತೆಗೆಸ್ಕೊಂಡು ಬನ್ನಿ ಅಂತ. ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ, ನಂಗೆ ಗೊತ್ತಿಲ್ವಾ ಇವರ ಮುಖ? ಅದಕ್ಕೆ ಏನಂದ್ರು ಗೊತ್ತಾ? ನಿಂಗೆ ಪ್ರೀತಿ ಇದೆ, ಅದಕ್ಕೆ ಕಾಣಲ್ಲ, ಕ್ಯಾಮರಾಗೆ ಏನಿದೆ, ಅದ್ಯಾಕೆ ಸುಳ್ಳು ಹೇಳುತ್ತೆ, ಅಂದ್ರು. ಎರಡು ದಿನ ಮಾತು ಬಿಟ್ಟಿದ್ವಿ ಈ ಫೋಟೋ ಸಲುವಾಗಿ." ಕಪಾಟಿನ ಮೇಲಿಂದ ತಗಡಿನ ಡಬ್ಬಿ ತೆಗೆದು, ಉಳಿದ ಆರು ಫೋಟೋಗಳನ್ನು ಅವನ ಕಾಫಿಯ ಪಕ್ಕ ಸುರಿದರು. "ಆಚೆ ಊರಲ್ಲಿ ಬಣ್ಣದ ಕಾರ್ಖಾನೆಯವರು ಇಂಥವರೇ ಬೇಕು ಅಂತ ಕರೆದಿದ್ದಾರೆ, ಬಣ್ಣ ಹೊಂದಿಸೋರು. ನಾಡಿದ್ದು ಕೊನೇ ದಿನ. ಫಾರಂ ತಂದು ತುಂಬಿಸಿ ಇಟ್ಟಿದ್ದೀನಿ. ಫೋಟೋ ಅಂಟಿಸಿ ಅಂದ್ರೆ ಕಿಟಕಿ ಕಡೆ ತಿರುಗ್ತಾರೆ."

ಅವನು ಚೀಲದಿಂದ ಲಕೋಟೆ ತೆಗೆದ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಸಹಾಯಕ್ಕೆ ಬರಲಿಲ್ಲ. ತಡವರಿಸಿದ, ಹಿಂದುಮುಂದಾಗಿ ಹೇಳಿದ. ಮೊದಲು ಕೆಂಪು ಪೆನ್ಸಿಲ್ ಎಂದ, ಆಮೇಲೆ ನೀಲಿ ಎಂದ, ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ, "ಆಯ್ತು ಅಂತ ಸುಳ್ಳು ಹೇಳ್ತಿದ್ದೆ ಮೇಸ್ತ್ರಿ. ಆಯ್ತು ಅಂದ ಮೇಲೆ ಜನ ಮುಖ ಇಳಿಸ್ತಾರಲ್ಲ, ಆಗ ಇನ್ನೊಂದು ತೆಗೀತಿದ್ದೆ. ನನಗೋಸ್ಕರ. ಅದು ನಿಮಗೆ ಬಂದುಬಿಡ್ತು. ನಿಮ್ಮದು ಇದು" ಎಂದು ನೆಟ್ಟಗೆ ಕೂತ ಮುಖದ ಎಂಟು ಫೋಟೋಗಳನ್ನು ಅವರ ಕೈಗಿಟ್ಟ.

ಮೇಸ್ತ್ರಿ ಒಂದನ್ನು ಎತ್ತಿಕೊಂಡರು. ಇನ್ನೊಂದು ಕೈಯಲ್ಲಿ ಡಬ್ಬಿಯ ಫೋಟೋ. ಎರಡನ್ನೂ ಕಿಟಕಿಗೆ ಒಯ್ದು, ಬೆಳಕು ಪಕ್ಕದಿಂದ ಬೀಳುವಂತೆ ಓರೆಯಾಗಿ ಹಿಡಿದು, ತಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿದರು. ಒಂದರ ಮೇಲೊಂದು ಇಟ್ಟರು, ಅಂಚು ಸೇರಿಸಿ ಅಕ್ಕಪಕ್ಕ ಇಟ್ಟರು. ಈ ಮನುಷ್ಯ ಕೆಲಸ ಮಾಡುವುದನ್ನು ಅವನು ಮೊದಲ ಬಾರಿ ನೋಡುತ್ತಿದ್ದ, ಮತ್ತು ಥೂ ಈ ಜನ್ಮಕ್ಕೆ, ಆ ಕಿಟಕಿ, ಆ ಬೆಳಕು, ಆ ಎರಡು ಪುಟ್ಟ ಚೌಕ ಹಿಡಿದ ಬೆರಳು ಎಷ್ಟು ಒಳ್ಳೆಯ ಚಿತ್ರವಾಗುತ್ತಿತ್ತು ಎಂದೂ ಒಳಗೊಬ್ಬ ನೋಡುತ್ತಿದ್ದ.

"ಎಷ್ಟು ಹೊತ್ತಿನ ಅಂತರ?" ಮೇಸ್ತ್ರಿ ತಿರುಗದೆ ಕೇಳಿದರು.

"ಒಂದು ನಿಮಿಷವೂ ಇಲ್ಲ."

"ಆ ಒಂದು ನಿಮಿಷಕ್ಕೆ ಐದು ತಿಂಗಳು ಮನೇಲಿ ಕೂತೆ," ಎಂದರು, ತಮಗೇ ಹೇಳಿಕೊಂಡ ಹಾಗೆ. ಆಮೇಲೆ, "ಗೋಡೆಗೆ ಯಾವುದನ್ನ ಹಾಕ್ತೀರಿ?"

ಅವನು ತಲೆ ತಗ್ಗಿಸಿ ಡಬ್ಬಿಯ ಫೋಟೋಗಳ ಕಡೆ ಬೆರಳು ತೋರಿಸಿದ.

"ಕಾಗದ ವಾಪಸ್ ಕೊಡಿ," ಮೇಸ್ತ್ರಿಯ ಹೆಂಡತಿ ಕೈ ಚಾಚಿದರು. ಈ ಸಲ ಅಣ್ಣಾ ಎನ್ನಲಿಲ್ಲ. "ಏನೂ ತಿಳಿಯದವರ ಹತ್ರ ಸಹಿ ಹಾಕಿಸ್ಕೊಂಡು ಜೇಬಿಗಿಟ್ಕೊಂಡ್ರಲ್ಲ, ನಿಮ್ಮ ಮನೇಲೂ ಹೆಂಗಸ್ರಿರ್ತಾರೆ, ಅವರಿಗೆ ಗೊತ್ತಾ ಇದು?"

ಅವನ ಕೈ ಜೇಬಿಗೆ ಹೋಯಿತು. ಬೆರಳಿಗೆ ಕಾಗದದ ಮಡಿಕೆ ತಾಗಿತು. ತೆಗೆಯಬೇಕು, ತೆಗೆದು ಆಕೆಯ ಕೈಗಿಡಬೇಕು, ಅಷ್ಟೇ ಕೆಲಸ, ಎರಡು ಬೆರಳಿನ ಕೆಲಸ. ಟ್ರಂಕಿನಲ್ಲಿ ಕೊಳೆಯುತ್ತಿರುವ ಇಪ್ಪತ್ತೆರಡು ವರ್ಷ ಆ ಎರಡು ಬೆರಳನ್ನು ಹಿಡಿದುಕೊಂಡವು. ಯಾರಾದರೂ ಕಿತ್ತುಕೊಂಡರೆ ಸಾಕೆಂದು ಹಾರೈಸುತ್ತ, ಕೈಯನ್ನು ಎದೆಯ ಮೇಲೆ ಹಾಗೇ ಇಟ್ಟುಕೊಂಡು ಕೂತ. ನೋಡುವವರಿಗೆ ಎದೆನೋವೆಂದು ಕಾಣುತ್ತಿತ್ತೋ ಏನೋ.

"ಬಿಡೇ," ಎಂದರು ಮೇಸ್ತ್ರಿ. "ಸಹಿ ಹಾಕಿ ಆದ ಮೇಲೆ ಬಣ್ಣ ಬದಲಾಯಿಸೋ ಅಭ್ಯಾಸ ನಂಗಿಲ್ಲ. ಅದೂ ನನ್ನ ಮುಖಾನೇ, ಬೇರೆಯವರದ್ದೇನೂ ಅಲ್ಲ. ನೀವು ಕದ್ದು ನೋಡಿದ್ರಿ, ಅಷ್ಟೆ." ಅಷ್ಟೆ ಎಂಬ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. ಮೇಸ್ತ್ರಿ ಕುರ್ಚಿಯನ್ನು ಗೋಡೆಗೆ ಬೆನ್ನಾಗುವಂತೆ ತಿರುಗಿಸಿದರು. "ಕ್ಯಾಮರಾ ತಂದಿದ್ದೀರಾ? ಹೊಸದು ತೆಗೀರಿ. ಐದು ತಿಂಗಳ ಹಿಂದಿನ ಮುಖ ಅಂಟಿಸಿದ್ರೆ ನಾನೂ ನಿಮ್ಮ ಥರಾನೇ ಆಗ್ತೀನಿ. ಈಗ ಬೆಳಕೂ ಚೆನ್ನಾಗಿದೆ." ಮೂಲೆಯ ನೀರಿನ ತೊಟ್ಟಿಯ ಹತ್ತಿರ ಹೋಗಿ, ಕನ್ನಡಿ ನೋಡದೆ, ಗಡ್ಡ ಹೆರೆದುಕೊಂಡು ಬಂದರು. ಆ ಹತ್ತು ನಿಮಿಷ ಮೇಸ್ತ್ರಿಯ ಹೆಂಡತಿ ಗುಂಡಿ ಹೊಲಿಯುತ್ತ ಕೂತಿದ್ದರು. ಇವನಿರುವುದೇ ತಿಳಿಯದವರ ಹಾಗೆ. ಆಮೇಲೆ ಎದ್ದು ಗಂಡನ ಕಾಲರಿನ ದಾರದ ಎಳೆಯೊಂದನ್ನು ಹಲ್ಲಿನಲ್ಲಿ ಕಡಿದು ತೆಗೆದು, ಮತ್ತೆ ಹೊಲಿಗೆಗೆ ಕೂತರು.

ಸದಾ ಚೀಲದಲ್ಲೇ ಇರುವ ಕ್ಯಾಮರಾವನ್ನು ಅವನು ಹೊರತೆಗೆದ, ಮೇಸ್ತ್ರಿ ಕೂತರು. ಬೆನ್ನು ನೆಟ್ಟಗಾಯಿತು, ಗದ್ದ ಒಂದು ನೂಲಿನಷ್ಟು ಮೇಲಕ್ಕೆದ್ದಿತು, ಕಣ್ಣು ಬಂದು ಕ್ಯಾಮರಾದ ಕಣ್ಣಿನ ಮೇಲೆ ನಿಂತಿತು. ಆವತ್ತಿನದಕ್ಕಿಂತ ಗಟ್ಟಿ ಮುಖ. ಅವನು ಬೆಳಕು ಅಳೆದ, ಉಸಿರು ಬಿಗಿಹಿಡಿದು ಒತ್ತಿದ. ಒಂದು. ಬಂದಿದೆ ಎಂದು ಬೆರಳಿಗೇ ತಿಳಿಯಿತು.

"ಆಯ್ತು" ಎಂದ.

ಮೇಸ್ತ್ರಿ ಕದಲಲಿಲ್ಲ. ಮುಖ ಹಾಗೇ ಇತ್ತು, ಕಣ್ಣು ಹಾಗೇ ಇತ್ತು. ಅವನು ಕಣ್ಣನ್ನು ಕ್ಯಾಮರಾದಿಂದ ತೆಗೆಯಬೇಕಿತ್ತು. ತೆಗೆಯದೆ ಕಾದ. ಕಾಯಬೇಕೆಂದು ಅಂದುಕೊಂಡದ್ದಲ್ಲ, ಇಷ್ಟು ತಿಂಗಳು ಕಾದ ಮೈ ತಾನೇ ಕಾಯುತ್ತಿತ್ತು, ಮತ್ತು ಬೆರಳು, ಆ ಹಾಳು ಬೆರಳು, ಯಾರ ಅಪ್ಪಣೆಯನ್ನೂ ಕೇಳದೆ ಒತ್ತಿಬಿಟ್ಟಿತು. ಕ್ಲಿಕ್ ಎಂದ ಸದ್ದು ಆ ಒಂದೇ ಕೋಣೆಯಲ್ಲಿ ಮೂವರಿಗೂ ಕೇಳಿಸಿತು. ಹೊಲಿಯುತ್ತಿದ್ದ ಸೂಜಿ ನಿಂತಿತು.

"ಅದೂ ತಗೊಂಡ್ರಾ?" ತುಟಿ ಮಾತ್ರ ಆಡಿಸಿ ಮೇಸ್ತ್ರಿ ಕೇಳಿದರು.

"ಬೇಕಂತ ಅಲ್ಲ ಮೇಸ್ತ್ರಿ, ಬೆರಳು..." ಉಳಿದದ್ದನ್ನು ಅವನೇ ನುಂಗಿಕೊಂಡ. ಕ್ಯಾಮರಾದ ಕಣ್ಣಿಗೆ ಮುಚ್ಚಳ ಒತ್ತಿದ, ಚೀಲಕ್ಕೆ ತುರುಕಿದ, ಕೊಂಡಿ ಹಾಕಿದ, ಎರಡೂ ಕೈಗಳನ್ನು ಎತ್ತಿ ತೋರಿಸಿದ. "ಈಗ ನಿಜವಾಗ್ಲೂ ಆಯ್ತು. ನೋಡಿ, ಒಳಗಿಟ್ಟೆ. ಫೋಟೋ ಇವತ್ತೇ ಮಾಡಿ ನಾನೇ ತಂದು ಕೊಡ್ತೀನಿ. ಸಾಕು, ಆರಾಮಾಗಿ ಕೂತ್ಕೊಳ್ಳಿ ಮೇಸ್ತ್ರಿ."

ಮೇಸ್ತ್ರಿ ಅದೇ ಮುಖದಲ್ಲಿ, ಅದೇ ನೆಟ್ಟನೆಯ ಬೆನ್ನಿನಲ್ಲಿ ಕೂತಿದ್ದರು. ಸಿಟ್ಟಿನ ಸುಳಿವೂ ಇರಲಿಲ್ಲ. ಅವರ ಹೆಂಡತಿ ಎದ್ದು ಬಾಗಿಲು ತೆರೆದು ಹಿಡಿದರು.

"ನೀವು ಹೊರಡಿ," ಎಂದರು ಮೇಸ್ತ್ರಿ. "ಬೀದಿಗೆ ಇಳಿದ್ರಿ ಅಂತ ಇವಳು ಹೇಳ್ತಾಳೆ. ಆಮೇಲೆ ಮುಖ ಇಳಿಸ್ತೀನಿ."

ಅವನು ಮೆಟ್ಟಿಲು ಇಳಿಯತೊಡಗಿದ. ಕಾಗದ ಜೇಬಿನಲ್ಲೇ ಇತ್ತು.